ಮಳೆಗಾಲಕ್ಕೆ ಮನೆ ರಿಪೇರಿ, ಜೊತೆಗೆ ಮನೆಯ ವಿಮೆ

ಬೆಳಗಾವಿಯ ಮಳೆ ಗೊತ್ತಿರುವವರಿಗೆ ಹೆಂಚಿನ ಮನೆಯ ಚಿಂತೆಯೂ ಗೊತ್ತಿರುತ್ತದೆ. ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಖಾನಾಪುರ ದಾಟಿದರೆ ಘಟ್ಟ. ಜುಲೈನಲ್ಲಿ ಮಳೆ ಹಿಡಿಯಿತು ಅಂದರೆ ಬಿಸಿಲು ನೋಡಲು ಕಾಯಬೇಕು. ನನ್ನ ತವರು ವಿಜಯಪುರ. ಅಲ್ಲಿ ಮಳೆ ಬಂದರೆ ಖುಷಿ ಪಡುತ್ತೇವೆ. ಮಳೆಗೆ ಮನೆಯನ್ನು ತಯಾರು ಮಾಡುವುದು ಅಂತ ಒಂದು ಕೆಲಸ ಇದೆ ಎಂದು ನನಗೆ ಕಲಿಸಿದವರು ಇಲ್ಲಿನ ನನ್ನ ಅತ್ತೆ.

ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯಲ್ಲಿ ಮುಂದಿನ ಎರಡು ಕೋಣೆಗೆ ಸ್ಲ್ಯಾಬ್ ಇದೆ. ಸಾಲ ಮಾಡಿ ನಾವು ಕಟ್ಟಿಸಿದ್ದು. ಹಿಂದಿನ ಪಡಸಾಲೆ, ಅಡುಗೆಮನೆ, ದೇವರ ಕೋಣೆ ಮಾವನವರ ಕಾಲದವು. ಕೆಂಪು ಕಲ್ಲಿನ ಗೋಡೆ, ಮೇಲೆ ಹೆಂಚು. ಬಳ್ಳಾರಿ ನಾಲಾ ಎಂಬ ಹಳ್ಳ ನಮ್ಮಿಂದ ಬಹಳ ದೂರ ಇಲ್ಲ. ಅದು ತುಂಬಿದರೆ ಸುತ್ತಲಿನ ಹೊಲಗಳಲ್ಲಿ ನೀರು ನಿಲ್ಲುತ್ತದೆ.

2019ರ ಆಗಸ್ಟ್ ಮೊದಲ ವಾರ ಯಾರೂ ಮರೆತಿಲ್ಲ. ಆಶ್ಲೇಷಾ ಮಳೆ ಅದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ತುಂಬಿ ಬಂದವು. ಗೋಕಾಕ, ರಾಮದುರ್ಗ, ಮುಧೋಳದ ಕಡೆ ಊರಿಗೆ ಊರೇ ನೀರಲ್ಲಿ ನಿಂತಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ತುರ್ತು ಖರ್ಚಿಗೆ ಕುಟುಂಬಕ್ಕೆ 10,000 ರೂಪಾಯಿ ಅಂತ ಸರ್ಕಾರ ಪ್ರಕಟಿಸಿತು. ಎಲ್ಲ ಕಳೆದುಕೊಂಡವರಿಗೆ ಅದು ದೊಡ್ಡ ಆಸರೆ. ಆದರೆ ಅರ್ಧ ಮಾಡು ಹಾರಿದ ಮನೆ, ನೆಂದ ಹಾಸಿಗೆ, ಒಡೆದ ಗ್ಯಾಸ್ ಒಲೆ, ಇವಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿತ್ತು. 2024ರ ಬೇಸಿಗೆ ರಜೆಯಲ್ಲಿ, ಶಾಲೆಯ ಕೆಲಸ ಇಲ್ಲದಿದ್ದಾಗ, ರಿಪೇರಿ ಮತ್ತು ವಿಮೆ ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಂಡೆ.

ಮೊದಲು ಮಾಡಿನ ಕೆಲಸ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7 ಅಥವಾ 8ಕ್ಕೆ. ಅಷ್ಟರೊಳಗೆ ಗೌಂಡಿ, ಅಂದರೆ ಗಾರೆ ಕೆಲಸದ ಮೇಸ್ತ್ರಿ, ಸಿಗಬೇಕು ಅಂದರೆ ಏಪ್ರಿಲ್‌ನಲ್ಲೇ ಹೇಳಿಡಬೇಕು. ಮೇ ಕೊನೆಗೆ ಎಲ್ಲರಿಗೂ ಅವರೇ ಬೇಕು. ನಮ್ಮ ಗೌಂಡಿ ಮೇಲೆ ಹತ್ತಿ ಒಂದು ಸಾಲು ಹೆಂಚು ಸರಿಸಿ ನೋಡಿದರು.

"ಅಕ್ಕೋರ, ಬರೇ ಹೆಂಚ ಬದಲಿ ಮಾಡಿದ್ರ ಉಪಯೋಗಿಲ್ಲರಿ. ಕೆಳಗಿನ ರೀಪ ಹುಳಾ ತಿಂದಾವ. ಈ ಸಲ ಗಾಳಿ ಬಿಟ್ಟರ ಕುಂಡ್ರತಾವು."

ಅವರು ಹೇಳಿದ್ದು ಸರಿ. ಹೆಂಚು ಒಡೆದರೆ ನಮಗೆ ಕಾಣುತ್ತದೆ, ನೀರು ತೊಟ್ಟಿಕ್ಕುತ್ತದೆ. ರೀಪು, ಅಂದರೆ ಹೆಂಚು ಕೂರುವ ಕಟ್ಟಿಗೆಯ ಪಟ್ಟಿ, ಟೊಳ್ಳಾದರೆ ಕಾಣುವುದೇ ಇಲ್ಲ. ಅಡುಗೆಮನೆ ಮೇಲಿನ ರೀಪುಗಳನ್ನು ಪೂರ್ತಿ ಬದಲಾಯಿಸಿದೆವು. ಹೊಸ ರೀಪಿಗೆ ಗೆದ್ದಲು ಔಷಧ ಹೊಡೆಸಿದೆವು. ಒಡೆದ ಹೆಂಚಿನ ಜಾಗಕ್ಕೆ ಅದೇ ಅಳತೆಯ ಹಳೆ ಹೆಂಚು ಹುಡುಕಿ ತಂದೆವು. ಅಳತೆ ಕೂಡದ ಹೆಂಚು ಹಾಕಿದರೆ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಆ ಸಂದಿಯಿಂದಲೇ ನೀರು ಇಳಿಯುತ್ತದೆ. ನೆತ್ತಿಯ ಮೇಲಿನ ಹೆಂಚುಗಳ ಸಿಮೆಂಟ್ ಬಿಟ್ಟುಹೋಗಿತ್ತು, ಅದನ್ನೂ ಹೊಸದಾಗಿ ಹಿಡಿಸಿದೆವು.

ನಮ್ಮಂಥ ಅರ್ಧ ಹೆಂಚು, ಅರ್ಧ ಸ್ಲ್ಯಾಬಿನ ಮನೆಯಲ್ಲಿ ನಿಜವಾದ ತೊಂದರೆ ಎರಡೂ ಕೂಡುವ ಜಾಗದಲ್ಲಿ. ಹೆಂಚಿನ ನೀರು ಸ್ಲ್ಯಾಬಿನ ಗೋಡೆಗೆ ಬಂದು ಬಡಿಯುತ್ತದೆ. ಅಲ್ಲಿ ಅಗಲವಾದ ತಗಡು ಕೂರಿಸಿ, ಅದರ ಮೇಲಂಚನ್ನು ಗೋಡೆಯೊಳಗೆ ಕೊರೆದು ಸೇರಿಸಿ, ಸಿಮೆಂಟ್ ತುಂಬಬೇಕು. ಗೋಡೆಗೆ ಸುಮ್ನೆ ಅಂಟಿಸಿದರೆ ಒಂದೇ ಮಳೆಗಾಲ. ಈ ಕೆಲಸಕ್ಕೆ ಗೌಂಡಿ ಜಾಸ್ತಿ ಹೊತ್ತು ತಗೊಂಡರು, ನಾನು ಅವಸರ ಮಾಡಲಿಲ್ಲ.

ಸ್ಲ್ಯಾಬಿನ ಮೇಲೆ ನೀರು ಹೋಗುವ ತೂತುಗಳನ್ನು ಸ್ವಚ್ಛ ಮಾಡಿಸಿ ಜಾಳಿಗೆ ಹಾಕಿಸಿದೆವು. ಒಣ ಎಲೆ, ಪ್ಲಾಸ್ಟಿಕ್ ಚೀಲ ಸೇರಿ ಒಂದು ತೂತು ಪೂರ್ತಿ ಮುಚ್ಚಿತ್ತು. ಕಣ್ಣಿಗೆ ಕಾಣುವ ಬಿರುಕುಗಳನ್ನು ಸ್ವಲ್ಪ ಅಗಲ ಮಾಡಿ ತುಂಬಿಸಿದೆವು, ಮೇಲೆ ಎರಡು ಕೋಟು ವಾಟರ್‌ಪ್ರೂಫಿಂಗ್. ಪ್ಯಾರಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯನ್ನು ದುಂಡಗೆ ಮಾಡಿಸಿದೆವು. ಸ್ಲ್ಯಾಬಿನ ಇಳಿಜಾರು ಮೀಟರಿಗೆ ಒಂದು ಸೆಂಟಿಮೀಟರ್ ಆದರೂ ಇರಬೇಕಂತೆ. ನಮ್ಮದು ಒಂದು ಕಡೆ ಚಪ್ಪಟೆ ಇತ್ತು, ಆ ಭಾಗವನ್ನು ಮಳೆ ಇಲ್ಲದ ಕಾಲದಲ್ಲಿ ಬಿಚ್ಚಿ ಮಾಡಬೇಕು ಅಂತ ಗೌಂಡಿ ಹೇಳಿದರು. ಅದು ಮಳೆ ಮುಗಿದ ಮೇಲಿನ ಕೆಲಸ.

ಕರೆಂಟಿನ ಕೆಲಸ ಬೇಗ ಮುಗಿಯಿತು. ಅರ್ಥಿಂಗ್ ನೋಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು. ಒದ್ದೆ ಗೋಡೆಯಲ್ಲಿ ಕರೆಂಟ್ ಸೋರಿದರೆ ಅದು ತಕ್ಷಣ ಲೈನ್ ಕಡಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ. ತಂತಿಗೆ ತಾಗುತ್ತಿದ್ದ ಬೀದಿ ಮರದ ಟೊಂಗೆಗಳನ್ನು ಹೆಸ್ಕಾಂನವರು ಬಂದು ಸವರಿದರು. ಪಕ್ಕದ ಮನೆಯ ಮಾವಿನ ಮರದ ಒಂದು ಭಾಗ ನಮ್ಮ ಅಡುಗೆಮನೆ ಕಡೆ ಬಾಗಿತ್ತು. ಅವರ ಮನೆಯ ಕಾಕಾ ಒಪ್ಪಿ ಸಣ್ಣ ಟೊಂಗೆ ಕಡಿಸಿದರು. ದೊಡ್ಡ ಕೊಂಬೆ ಗಟ್ಟಿ ಕಾಣುತ್ತಿತ್ತು, ಹಾಗೇ ಉಳಿಯಿತು.

ಕೆಲಸದ ಮುಂಚೆ, ನಡುವೆ, ಮುಗಿದ ಮೇಲೆ ಎಲ್ಲದರ ಫೋಟೋ ತೆಗೆದೆ. ಗೌಂಡಿಯಿಂದ ಸಹಿ ಹಾಕಿದ ಬಿಲ್ಲು ಬರೆಸಿಕೊಂಡೆ. ಹೆಂಚು, ಕಟ್ಟಿಗೆ, ಸಿಮೆಂಟಿನ ರಸೀದಿಗಳನ್ನೂ ಇಟ್ಟುಕೊಂಡೆ. ಮನೆಯ ಒಳಗಿನ ಪ್ರತಿ ಕೋಣೆಯ ವಿಡಿಯೋ ಮಾಡಿದೆ, ಕಪಾಟು ತೆರೆದು, ಸಾಮಾನು ತೋರಿಸಿ. ಅತ್ತೆ ಕೇಳಿದರು, "ಇದೆಲ್ಲಾ ಯಾಕ ತಗೀತಿ ವಾ?" ವಿಮೆಗೆ ಬೇಕಾಗಬಹುದು ಅಂದೆ.

ಈಗ ವಿಮೆಯ ಮಾತು. ಸಾಲ ಕೊಡುವಾಗ ಬ್ಯಾಂಕಿನವರು ಒಂದು ವಿಮೆಯ ಕಾಗದವನ್ನೂ ಕೊಟ್ಟಿದ್ದರು. ಮನೆಯವರು ಅದನ್ನೇ ಮನೆಯ ವಿಮೆ ಅಂದುಕೊಂಡಿದ್ದರು. ತೆಗೆದು ಓದಿದರೆ ಅದು ಸಾಲ ಮಾಡಿದವರ ಜೀವಕ್ಕೆ ಮಾಡಿದ ವಿಮೆ. ಸಾಲಗಾರರು ತೀರಿಕೊಂಡರೆ ಉಳಿದ ಸಾಲ ತೀರುತ್ತದೆ. ಅದು ಒಳ್ಳೆಯದೇ. ಆದರೆ ಮಾಡು ಹಾರಿದರೆ ಅದರಿಂದ ಒಂದು ಹೆಂಚಿಗೂ ದುಡ್ಡು ಬರುವುದಿಲ್ಲ. ಗೃಹಸಾಲ ಇರುವವರು ದಯಮಾಡಿ ಒಮ್ಮೆ ಆ ಕಾಗದ ತೆಗೆದು ನೋಡಿ. ನನ್ನ ಶಾಲೆಯ ಸ್ಟಾಫ್ ರೂಮಿನಲ್ಲೇ ಎಷ್ಟೋ ಜನ ಇದೇ ತಿಳಿವಳಿಕೆಯಲ್ಲಿದ್ದರು.

ಮನೆಗೆ ಅಂತಲೇ ಇರುವ ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ಐಆರ್‌ಡಿಎಐ (ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ) 2021ರ ಏಪ್ರಿಲ್ 1ರಿಂದ ಇದನ್ನು ಜಾರಿಗೆ ತಂದಿದೆ. ಬೆಂಕಿ ವಿಮೆ ಮಾಡುವ ಕಂಪನಿಗಳೆಲ್ಲ ಇದನ್ನು ಕೊಡಲೇಬೇಕು ಅಂತ ಆಗ ನಿಯಮ ಮಾಡಿತು. ನಿಯಮದ ಮಾತುಗಳು ಎಲ್ಲ ಕಡೆ ಒಂದೇ, ಕಂತು (ಪ್ರೀಮಿಯಂ) ಮಾತ್ರ ಬೇರೆ. ಹಾಗಾಗಿ ಕಂಪನಿಗಳ ಜಾಹೀರಾತು ನೋಡಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪಾಲಿಸಿಯ ಮಾತುಗಳನ್ನು ಒಮ್ಮೆ ಓದಿದರೆ ಸಾಕು.

ನಾನು ಕೂತು ಓದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆದು ಆಗುವ ಹಾನಿ, ಎಲ್ಲ ಇದರಲ್ಲಿವೆ. ಹೊರಗಿನ ವಸ್ತು ಬಂದು ಬಡಿದರೂ ಇದೆ, ಅಂದರೆ ಲಾರಿ ಬಂದು ಗೋಡೆಗೆ ಗುದ್ದಿದ್ದು, ಮರ ಬಿದ್ದದ್ದು. ಇಂಥ ಘಟನೆ ಆದ 7 ದಿನದೊಳಗೆ ಅದರ ನೆಪದಲ್ಲಿ ಕಳವಾದರೆ ಅದೂ ಸೇರುತ್ತದೆ. ಆದರೆ ಬೇರೆ ದಿನಗಳ ಮಾಮೂಲಿ ಕಳ್ಳತನ ಸೇರುವುದಿಲ್ಲ, ಅದಕ್ಕೆ ಬೇರೆ ವಿಮೆ ಬೇಕು. ಮನೆ ವಾಸಕ್ಕೆ ಯೋಗ್ಯ ಇಲ್ಲದಾಗ ಬೇರೆ ಕಡೆ ಇರುವ ಬಾಡಿಗೆಯೂ ಸಿಗುತ್ತದೆ. ಕಂಪೌಂಡ್ ಗೋಡೆ, ಗೇಟು, ನೀರಿನ ಟ್ಯಾಂಕು, ಸೋಲಾರ್ ಫಲಕ, ಇವೂ ಕಟ್ಟಡದ ಭಾಗ ಅಂತಲೇ ಲೆಕ್ಕ. ಇದು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಜೋರು ಮಳೆಗೆ ಮೊದಲು ಬೀಳುವುದೇ ಕಂಪೌಂಡ್ ಅಲ್ವಾ?

ಮೊತ್ತ ಎಷ್ಟಿಡಬೇಕು ಅನ್ನುವುದರಲ್ಲಿ ಬಹಳ ಜನ ಗಲಿಬಿಲಿಯಾಗುತ್ತಾರೆ. ಜಾಗದ ಬೆಲೆ ಇದರಲ್ಲಿ ಬರುವುದಿಲ್ಲ. ಮನೆ ಪೂರ್ತಿ ಬಿದ್ದರೂ ಜಾಗ ಅಲ್ಲೇ ಇರುತ್ತದೆ. ಒಳಗಿನ ಕಾರ್ಪೆಟ್ ಅಳತೆಯನ್ನು ಇವತ್ತಿನ ಕಟ್ಟುವ ಖರ್ಚಿನಿಂದ ಗುಣಿಸಬೇಕು. ನಮ್ಮದು 900 ಚದರಡಿ. ಚದರಡಿಗೆ 2,000 ರೂಪಾಯಿ ಅಂತ ಗೌಂಡಿ ಹೇಳಿದ ದರ ಹಿಡಿದೆವು. 18 ಲಕ್ಷ ಆಯಿತು. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು ತಾನಾಗಿಯೇ ಸೇರುತ್ತದೆ, ಗರಿಷ್ಠ 10 ಲಕ್ಷ. ನಮಗೆ 3 ಲಕ್ಷ 60 ಸಾವಿರ ಬಂತು. ಪಟ್ಟಿ ಕೊಡುವ ಅಗತ್ಯ ಇಲ್ಲ. ಒಡವೆ, ಹಳೆಯ ಅಪರೂಪದ ವಸ್ತುಗಳು ಬೇಕಾದರೆ ಬೆಲೆ ತೋರಿಸಿ, ಹೆಚ್ಚಿನ ಕಂತು ಕಟ್ಟಿ ಸೇರಿಸಬೇಕು. ನಗದು ಹಣ ಸೇರುವುದಿಲ್ಲ.

ಇನ್ನೊಂದು ಒಳ್ಳೆಯ ನಿಯಮ ಇದೆ. ಬೇರೆ ಬೆಂಕಿ ವಿಮೆಗಳಲ್ಲಿ ಮೊತ್ತ ಕಡಿಮೆ ತೋರಿಸಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತಾರೆ. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ. ಹತ್ತು ವರ್ಷದವರೆಗೆ ಒಂದೇ ಸಲ ಮಾಡಿಸಬಹುದು. ಹಾಗೆ ಮಾಡಿಸಿದರೆ ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ. ನಾವು ಮೊದಲು ಒಂದು ವರ್ಷಕ್ಕೆ ಮಾಡಿಸಿದೆವು. 18% ಜಿಎಸ್‌ಟಿ ಸೇರಿ ಸಾವಿರ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಆಯಿತು. ನಾನು ಇದರ ಹತ್ತು ಪಟ್ಟು ಇರಬಹುದು ಅಂದುಕೊಂಡಿದ್ದೆ.

ಕೊಡದೇ ಇರುವುದರ ಪಟ್ಟಿಯನ್ನು ಇನ್ನೂ ನಿಧಾನಕ್ಕೆ ಓದಿದೆ. ಹಳೆಯದಾಗಿ ಸವೆದದ್ದು, ನಿಧಾನವಾಗಿ ಹಾಳಾದದ್ದು, ಹೊಸ ಕಟ್ಟಡ ಕುಳಿತು ಬಿಡುವ ಬಿರುಕು, ಕಟ್ಟುವಾಗಲೇ ಆದ ಕೆಟ್ಟ ಕೆಲಸ, ಇವಕ್ಕೆ ದುಡ್ಡಿಲ್ಲ. ಅಂದರೆ ವರ್ಷಗಟ್ಟಲೆ ಸೋರಿ ಗೋಡೆ ಹಾಳಾದರೆ ಅದು ನಮ್ಮ ಜವಾಬ್ದಾರಿ. ಒಂದೇ ಸಲ ಗಾಳಿ, ನೀರು, ಮರ ಬಂದು ಹಾಳು ಮಾಡಿದರೆ ಅದು ವಿಮೆಯ ಜವಾಬ್ದಾರಿ. ವಿಜಯಪುರದ ನನ್ನ ತಮ್ಮನ ಮನೆ ಎರೆ ಭೂಮಿಯ ಮೇಲಿದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅವನ ಗೋಡೆಯಲ್ಲಿ ಪ್ರತಿ ವರ್ಷ ಬಿರುಕು. "ಅಕ್ಕಾ, ನನ್ನ ಮನಿಗೂ ಮಾಡಿಸ್ಲೇನು?" ಅಂತ ಫೋನ್ ಮಾಡಿದ. ಮಾಡಿಸು, ಆದರೆ ಆ ಬಿರುಕಿಗೆ ದುಡ್ಡು ಬರುತ್ತದೆ ಅಂತ ಮಾಡಿಸಬೇಡ ಅಂದೆ. ಅಲ್ಲಿ ಬೇಕಾಗಿರುವುದು ಪಾಯದ ಕೆಲಸ.

ವಡಗಾವಿಯಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ಸೀರೆ ಮಗ್ಗ ಇವೆ. ಭಾರತ್ ಗೃಹ ರಕ್ಷಾ ವಾಸದ ಮನೆಗೆ. ಮಗ್ಗ, ನೂಲು, ನೇಯ್ದ ಸೀರೆ ವ್ಯಾಪಾರದ ಆಸ್ತಿ. ಅದಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಪಾಲಿಸಿ ಇದೆ. ಅದೂ 2021ರ ಏಪ್ರಿಲ್‌ನಲ್ಲೇ ಬಂದದ್ದು, 5 ಕೋಟಿವರೆಗಿನ ಸಣ್ಣ ಉದ್ಯಮಗಳಿಗೆ. ಮಗ್ಗದ ಮನೆಯವರು ವಿಮೆ ಮಾಡಿಸುವಾಗ ಒಳಗೆ ಏನು ನಡೆಯುತ್ತದೆ ಅಂತ ಮುಚ್ಚಿಡದೆ ಹೇಳಬೇಕು. ಕಂತು ಉಳಿಸಲು ಮುಚ್ಚಿಟ್ಟರೆ ಕ್ಲೇಮಿನ, ಅಂದರೆ ಪರಿಹಾರ ಕೇಳುವ, ಹೊತ್ತಿಗೆ ಕಷ್ಟ. ಬಾಡಿಗೆ ಮನೆಯವರು ಕಟ್ಟಡ ಬಿಟ್ಟು ಸಾಮಾನಿಗೆ ಮಾತ್ರ ಮಾಡಿಸಬಹುದು.

ಆ ವರ್ಷ ಜುಲೈನಲ್ಲಿ ಮಳೆ ಜೋರಾಯಿತು. ಒಂದು ರಾತ್ರಿ ಗಾಳಿಗೆ ಪಕ್ಕದ ಮನೆಯ ಮಾವಿನ ದೊಡ್ಡ ಕೊಂಬೆ ಮುರಿದು ಅಡುಗೆಮನೆಯ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಅದೇ ದೊಡ್ಡದು. ಹೆಂಚು, ರೀಪು, ಅದರ ಕೆಳಗಿನ ಪಕಾಸಿ (ಮಾಡಿನ ತೊಲೆ) ಮುರಿದು ಒಳಗೆ ಬಿದ್ದವು. ಗ್ಯಾಸ್ ಒಲೆ, ಮಿಕ್ಸರ್, ಪಾತ್ರೆಯ ಕಪಾಟು ಅದರ ಕೆಳಗೆ.

ಮೇನ್ ಸ್ವಿಚ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಮೊದಲು ಫೋಟೋ ತೆಗೆದೆವು. ಆಮೇಲೆ ತಾಡಪತ್ರಿ ಕಟ್ಟಿದೆವು. ಹಾನಿ ಇನ್ನೂ ಹೆಚ್ಚಾಗದ ಹಾಗೆ ನೋಡಿಕೊಳ್ಳುವುದು ಪಾಲಿಸಿ ಮಾಡಿಸಿದವರ ಕರ್ತವ್ಯ, ಹಾಗಾಗಿ ಹಾನಿ ಲೆಕ್ಕ ಹಾಕುವ ಸರ್ವೇಯರ್ ಬರಲಿ ಅಂತ ಮಳೆಗೆ ಬಿಟ್ಟು ಕೂರಬಾರದು. ಆದರೆ ಮುರಿದ ಸಾಮಾನನ್ನು ಎಸೆಯಲೂ ಬಾರದು. ಎಲ್ಲವನ್ನೂ ಒಂದು ಮೂಲೆಗೆ ಸೇರಿಸಿಟ್ಟೆವು. ಬೆಳಿಗ್ಗೆ ಕಂಪನಿಯ ನಂಬರಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದುಕೊಂಡೆ. ಅದನ್ನೇ ಇಮೇಲಿನಲ್ಲೂ ಕಳಿಸಿದೆ. ಹಾನಿ ಕಂಡ 30 ದಿನದೊಳಗೆ ಕ್ಲೇಮ್ ಫಾರ್ಮ್ ತುಂಬಿ ಕೊಡಬೇಕು. ನಾನು ಗೌಂಡಿಯಿಂದ ಅಂದಾಜು ಪಟ್ಟಿ ಸಿಕ್ಕ ಕೂಡಲೇ ಕೊಟ್ಟೆ.

2024ರ ಜೂನ್‌ನಲ್ಲಿ ಐಆರ್‌ಡಿಎಐ ಮಾಡಿದ ನಿಯಮದ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಿಸಬೇಕು. ಅವರು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಇದು ಗೊತ್ತಿದ್ದರೆ ಫೋನಿನಲ್ಲಿ ಕೇಳುವ ಧೈರ್ಯ ಬರುತ್ತದೆ. ನಾನು ಕೇಳಿದೆ, ಸರ್ವೇಯರ್ ಬಂದರು.

ಬಂದವರು ಮರ್ಯಾದೆಯಿಂದ ಮಾತಾಡಿದರು, ಆದರೆ ಕೇಳುವುದನ್ನು ಬಿಡಲಿಲ್ಲ. "ಮೇಡಂ, ಮನಿ ಭಾಳ ಹಳೇದೈತಿ. ಮಾಡ ಮೊದಲಽ ಕುಂತಿತ್ತೇನು? ರೀಪ ಹುಳಾ ಹಿಡದಿದ್ವೇನು?" ಮೇ ತಿಂಗಳ ಫೋಟೋಗಳನ್ನು ದಿನಾಂಕ ಸಮೇತ ತೋರಿಸಿದೆ. ಗೌಂಡಿಯ ಬಿಲ್ಲು, ಕಟ್ಟಿಗೆ ಅಡ್ಡೆಯ ರಸೀದಿ ಮುಂದಿಟ್ಟೆ. ಮುರಿದ ರೀಪನ್ನು ಅವರೇ ಕೈಯಲ್ಲಿ ಹಿಡಿದು ನೋಡಿದರು. ಒಳಗೆ ಹೊಸ, ಗಟ್ಟಿ ಕಟ್ಟಿಗೆ, ಹುಳದ ತೂತು ಇಲ್ಲ. ಆಮೇಲೆ ಆ ಪ್ರಶ್ನೆ ಬರಲಿಲ್ಲ. ಮಳೆಗಾಲದ ರಿಪೇರಿಗೂ ವಿಮೆಗೂ ಇರುವ ಸಂಬಂಧ ನನಗೆ ಪೂರ್ತಿ ತಿಳಿದದ್ದು ಆಗ. ಮನೆ ಚೆನ್ನಾಗಿಟ್ಟುಕೊಂಡಿದ್ದೆವು ಅನ್ನುವುದಕ್ಕೆ ಕಾಗದ ಇದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಮಾಡಿನ ಕೆಲಸಕ್ಕೆ 61,000 ಒಪ್ಪಿದರು. ಒಲೆ, ಮಿಕ್ಸರ್, ಕಪಾಟಿಗೆ 15,000. ಹೊಸದು ಕೊಳ್ಳುವ ಬೆಲೆಯ ಮೇಲೆ ಲೆಕ್ಕ ಹಾಕಿದರು. ಒಟ್ಟು 76,000. ಬಿದ್ದ ಕೊಂಬೆ, ಹೆಂಚಿನ ಚೂರು ಹೊರಗೆ ಸಾಗಿಸಲು ನಾವು 2,500 ಕೊಟ್ಟಿದ್ದೆವು. ಮೊದಲ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಅವಶೇಷ ತೆಗೆಯುವ ಖರ್ಚಿಗೆ ಕ್ಲೇಮ್ ಮೊತ್ತದ ಶೇ 2ರವರೆಗೆ ಕೊಡಬೇಕು ಅಂತ ಪಾಲಿಸಿಯಲ್ಲಿದೆ. ಆ ಸಾಲನ್ನು ತೋರಿಸಿ ಇಮೇಲ್ ಬರೆದೆ. 1,520 ರೂಪಾಯಿ ಸೇರಿಸಿದರು. ಮೊತ್ತ ಸಣ್ಣದು, ಆದರೆ ಅದು ನಮಗೆ ಬರಬೇಕಾದದ್ದು.

ಎರಡು ವಿಷಯಕ್ಕೆ ಇಲ್ಲ ಅಂದರು. ಕರೆಂಟ್ ಹೋಗಿ ಬಂದಾಗ ಫ್ರಿಜ್ಜಿನ ಬೋರ್ಡು ಸುಟ್ಟಿತ್ತು. ಕರೆಂಟಿನ ಏರುಪೇರು, ಶಾರ್ಟ್ ಸರ್ಕ್ಯೂಟಿನಿಂದ ಆ ಯಂತ್ರಕ್ಕೇ ಆದ ಹಾನಿ ಪಾಲಿಸಿಯಲ್ಲಿ ಸೇರುವುದಿಲ್ಲ, ಕಾರಣ ಸಿಡಿಲಾದರೂ ಸರಿ. ಅದರಿಂದ ಬೆಂಕಿ ಹತ್ತಿ ಬೇರೆ ಸಾಮಾನು ಸುಟ್ಟರೆ ಮಾತ್ರ ಆ ಸಾಮಾನಿಗೆ ಸಿಗುತ್ತದೆ. ಎರಡನೆಯದು ಮುಂದಿನ ಕೋಣೆಯ ಚಾವಣಿಯ ಒದ್ದೆ ಕಲೆ. ಚಪ್ಪಟೆ ಇದ್ದ ಆ ಭಾಗದಿಂದ ನೀರು ನಿಧಾನಕ್ಕೆ ಇಳಿದು ಬಂದದ್ದು. ಸರ್ವೇಯರ್ ಅದನ್ನು ಬೇರೆಯಾಗಿ ಬರೆದರು. ಎರಡೂ ನಿಯಮದಲ್ಲೇ ಇದ್ದವು, ಹಾಗಾಗಿ ನಾನು ಜಗ್ಗಾಡಲಿಲ್ಲ.

ಜಗ್ಗಾಡಬೇಕಾದವರಿಗೆ ದಾರಿ ಇದೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ಕೊಡಬೇಕು. ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಎಂಬ ಜಾಲತಾಣದಲ್ಲಿ ದಾಖಲಿಸಬಹುದು, 155255ಕ್ಕೆ ಫೋನ್ ಕೂಡ ಮಾಡಬಹುದು. ಕರ್ನಾಟಕದವರಿಗೆ ವಿಮಾ ಲೋಕಪಾಲರ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ದುಡ್ಡು ಖಾತೆಗೆ ಬಂದಾಗ ಮಾಡಿನ ಕೆಲಸ ನಡೆಯುತ್ತಿತ್ತು. ಪಕ್ಕದ ಕಾಕಾ ಮರದ ಉಳಿದ ಭಾರವನ್ನು ತಾವೇ ಇಳಿಸಿದರು, "ನಿಮ್ಮ ವಿಮಾದವರು ನನ್ನ ಹೆಸರ ಬರಕೊಂಡ್ರೇನ ತಂಗಿ?" ಅಂತ ಹೆದರಿ ಕೇಳಿದ್ದರು. ಇಲ್ಲ ಕಾಕಾ, ಗಾಳಿಗೆ ಬಿದ್ದದ್ದು ಅಂತ ಬರೆದಿದ್ದಾರೆ ಅಂದ ಮೇಲೆ ನಿರಾಳರಾದರು.

ಸ್ಲ್ಯಾಬಿನ ಚಪ್ಪಟೆ ಭಾಗವನ್ನು ದೀಪಾವಳಿ ಕಳೆದ ಮೇಲೆ ನಮ್ಮ ಖರ್ಚಿನಲ್ಲೇ ಬಿಚ್ಚಿ ಇಳಿಜಾರು ಕೊಡಿಸಿದೆವು. ಮೇಲೆ ಎರಡು ದಿನ ನೀರು ನಿಲ್ಲಿಸಿ ನೋಡಿದೆವು, ಕೆಳಗೆ ಇಳಿಯಲಿಲ್ಲ. ಗೋಡೆ ಪೂರ್ತಿ ಒಣಗಲು ಇಲ್ಲಿನ ಚಳಿಗಾಲ ಬೇಕು, ಅಲ್ಲಿಯವರೆಗೆ ಬಣ್ಣ ಹಚ್ಚಬೇಡಿ ಅಂತ ಗೌಂಡಿ ಹೇಳಿದ್ದಕ್ಕೆ ಜನವರಿಯಲ್ಲಿ ಹಚ್ಚಿಸಿದೆವು. ಮೇ ತಿಂಗಳಲ್ಲಿ ಪಾಲಿಸಿಯನ್ನು ಈ ಸಲ ಮೂರು ವರ್ಷಕ್ಕೆ ಮಾಡಿಸಿದೆವು. ಅತ್ತೆಯ ಬಂಗಾರವನ್ನು ಬೆಲೆ ಕಟ್ಟಿಸಿ ಸೇರಿಸಿದ್ದೇವೆ. ಹೊಸ ಮಾಡಿನ ಫೋಟೋ, ಸ್ಲ್ಯಾಬಿನ ಬಿಲ್ಲು ಅದೇ ಫೈಲಿನಲ್ಲಿವೆ.